ಮಡಕೆಯ ಮೇಲೆ ನಿಂತ ಜಟ್ಟಿ

ಈ ಜಾತಿಯ ಚಿತ್ರವೊಂದು ನಿಮ್ಮ ಫೋನಿಗೂ ಬಂದಿರಬಹುದು. ಕಿತ್ತಳೆ ಬಣ್ಣದ ಮಡಕೆ, ಅದರ ಮೇಲೆ ಕಪ್ಪು ಮೈಯ ಇಬ್ಬರು ಬೆತ್ತಲೆ ಗಂಡಸರು. ಒಬ್ಬ ಎಡಗೈ ಮುಂದೆ ಚಾಚಿ, ಬಲಗೈ ಹಿಂದಕ್ಕೆಳೆದುಕೊಂಡು, ಎದೆ ಸೆಟೆಸಿ ನಿಂತಿದ್ದಾನೆ. ಕೆಳಗೆ ‘ಎರಡೂವರೆ ಸಾವಿರ ವರ್ಷದ ಹಿಂದಿನ ಅಸಲಿ ಪಂಕ್ರೇಷನ್ ಭಂಗಿ’ ಎಂಬ ಬರಹ. ಪಕ್ಕದಲ್ಲಿ ಇವತ್ತಿನ ತರಬೇತುದಾರನೊಬ್ಬ ಅದೇ ಥರ ನಿಂತ ಫೋಟೊ. ಅದರ ಕೆಳಗೆ ಶುಲ್ಕದ ವಿವರ.

ತರಬೇತುದಾರನ ಮೇಲೆ ನನಗೆ ಸಿಟ್ಟಿಲ್ಲ, ಅದು ಅವನ ಹೊಟ್ಟೆಪಾಡು. ನನ್ನ ತಕರಾರು ‘ಅಸಲಿ ಭಂಗಿ’ ಎಂಬ ಎರಡು ಪದಗಳ ಮೇಲೆ. ಪಂಕ್ರೇಷನ್‌ಗೆ ಹಾಗೆ ಫೋಟೊ ಹಿಡಿಯಬಹುದಾದ ಒಂದು ನಿಲುವು ಇತ್ತು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಆ ಇಲ್ಲದ ನಿಲುವಿನ ಮೇಲೆ ಕಟ್ಟಿದ ವಂಶವೃಕ್ಷಗಳನ್ನಂತೂ ಇನ್ನೂ ಒಪ್ಪುವುದಿಲ್ಲ. ಆ ವೃಕ್ಷದ ಒಂದು ಕೊಂಬೆ ನಮ್ಮ ಗರಡಿಮನೆಯ ಮಾಡಿನವರೆಗೂ ಚಾಚಿಕೊಂಡಿರುವುದರಿಂದ ಈ ಮಾತನ್ನು ಕನ್ನಡದಲ್ಲೇ ಆಡಬೇಕಾಗಿದೆ.

ಪಂಕ್ರೇಷನ್ ಅಂದರೆ ಗ್ರೀಕಿನಲ್ಲಿ ‘ಎಲ್ಲ ಬಲ’. ಒಲಿಂಪಿಯಾದ ಕ್ರೀಡಾಕೂಟಕ್ಕೆ ಇದು ಸೇರಿದ್ದು ಕ್ರಿ.ಪೂ. 648ರಲ್ಲಿ. ಕುಸ್ತಿ ಮತ್ತು ಮುಷ್ಟಿಯುದ್ಧ ಅದಕ್ಕೂ ಮೊದಲೇ ಅಲ್ಲಿದ್ದವು. ಇಲ್ಲಿ ಗುದ್ದಬಹುದು, ಒದೆಯಬಹುದು, ಕತ್ತು ಹಿಸುಕಬಹುದು, ಕೈಕಾಲು ತಿರುಚಬಹುದು, ಬಿದ್ದವನ ಮೇಲೆ ಕೂತು ಹೊಡೆಯಬಹುದು. ಕಚ್ಚುವ ಹಾಗಿಲ್ಲ, ಕಣ್ಣಿಗೆ ಬೆರಳು ಹಾಕುವ ಹಾಗಿಲ್ಲ. ಸುತ್ತುಗಳಿಲ್ಲ, ತೂಕದ ವರ್ಗಗಳಿಲ್ಲ. ಒಬ್ಬ ಬೆರಳೆತ್ತಿ ಸೋಲೊಪ್ಪಬೇಕು, ಇಲ್ಲವೇ ಏಳಲಾಗದ ಸ್ಥಿತಿಗೆ ಬರಬೇಕು. ಹಿಡಿದು ಅದುಮಬಲ್ಲವನು ಕುಸ್ತಿಪಟು, ಗುದ್ದಿ ಹಿಮ್ಮೆಟ್ಟಿಸಬಲ್ಲವನು ಮುಷ್ಟಿಪಟು, ಎರಡನ್ನೂ ಬಲ್ಲವನು ಪಂಕ್ರೇಷನ್ ಪಟು ಎಂಬರ್ಥದಲ್ಲಿ ಅರಿಸ್ಟಾಟಲ್ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಾನೆ.

ನಿಯಮಗಳಿಂದ ನಿಲುವನ್ನು ಊಹಿಸಬಹುದಲ್ಲ ಎಂದು ವಿದ್ವಾಂಸರು ವಾದಿಸುತ್ತಾರೆ. ಈ ವಾದ ದಡ್ಡ ವಾದವೇನಲ್ಲ. ಗ್ರೀಕ್ ಮುಷ್ಟಿಯುದ್ಧದಲ್ಲಿ ಏಟುಗಳೆಲ್ಲ ಹೆಚ್ಚಾಗಿ ತಲೆಗೇ ಬೀಳುತ್ತಿದ್ದವು, ಹಿಡಿಯುವಂತಿರಲಿಲ್ಲ. ಹಾಗಾಗಿ ಮುಷ್ಟಿಪಟು ಎಡಗೈಯನ್ನು ಉದ್ದಕ್ಕೆ ಚಾಚಿ, ಎಡಗಾಲು ಮುಂದಿಟ್ಟು, ಧೈರ್ಯವಾಗಿ ನಿಲ್ಲಬಹುದಿತ್ತು. ಆ ಕಾಲನ್ನು ಯಾರೂ ಎಳೆಯುವುದಿಲ್ಲ. ಕುಸ್ತಿಯಲ್ಲಿ ಗುದ್ದಿಲ್ಲ, ಹಾಗಾಗಿ ಟಗರಿನ ಹಾಗೆ ಹಣೆಗೆ ಹಣೆ ಕೊಟ್ಟು ಬಾಗಿ ನಿಲ್ಲಬಹುದಿತ್ತು. ಪಂಕ್ರೇಷನ್‌ನಲ್ಲಿ ಈ ಎರಡೂ ನಡೆಯುವುದಿಲ್ಲ. ಮುಂದಿಟ್ಟ ಕಾಲಿಗೆ ಒದೆ ಬೀಳುತ್ತದೆ ಅಥವಾ ಅದು ಎದುರಾಳಿಯ ಕೈಗೆ ಸಿಗುತ್ತದೆ. ಬಾಗಿದರೆ ಮೊಣಕಾಲು ಮುಖಕ್ಕೆ ಬರುತ್ತದೆ. ಆದ್ದರಿಂದ ಅವನು ತುಸು ನೆಟ್ಟಗೆ, ಹೆಚ್ಚುಕಡಿಮೆ ಎದುರುಮುಖವಾಗಿ, ಗುದ್ದುವುದಕ್ಕೂ ಹಿಡಿಯುವುದಕ್ಕೂ ಆಗುವಂತೆ ಬೆರಳು ಅರೆ ಮಡಚಿಕೊಂಡು ನಿಂತಿದ್ದಿರಬೇಕು ಅನ್ನುವುದು ಅವರ ತರ್ಕ.

ಇರಬೇಕು, ಸರಿ. ಮೊದಲ ಕೆಲವು ಕ್ಷಣ ಹಾಗೆ ನಿಂತಿದ್ದಿರಬಹುದು. ಆದರೆ ಇದು ನಿಯಮದಿಂದ ಹೊರಟ ಊಹೆ. ಇದನ್ನು ಮಡಕೆಯ ಚಿತ್ರಕ್ಕೆ ಅಂಟಿಸಿ, ಚಿತ್ರವನ್ನೇ ಸಾಕ್ಷಿ ಅನ್ನುವಾಗ ಕೈಚಳಕ ನಡೆಯುತ್ತದೆ.

ಆ ಮಡಕೆಗಳ ಕತೆ ನೋಡಿ. ಪಂಕ್ರೇಷನ್ ಚಿತ್ರಗಳು ಸಿಗುವುದು ಹೆಚ್ಚಾಗಿ ಅಥೆನ್ಸಿನ ಪಾತ್ರೆಗಳ ಮೇಲೆ. ಅವುಗಳಲ್ಲಿ ಕೆಲವು ಪಾನಥೆನಾಯ ಹಬ್ಬದಲ್ಲಿ ಗೆದ್ದವರಿಗೆ ಆಲಿವ್ ಎಣ್ಣೆ ತುಂಬಿ ಕೊಡುತ್ತಿದ್ದ ದೊಡ್ಡ ಕೊಡಗಳು. ಒಂದೊಂದರಲ್ಲಿ 35 ಲೀಟರಿಗೂ ಮಿಕ್ಕಿ ಎಣ್ಣೆ ಹಿಡಿಯುತ್ತಿತ್ತು. ಒಂದು ಬದಿಗೆ ಅಥೀನಾ ದೇವಿ, ಇನ್ನೊಂದು ಬದಿಗೆ ಸ್ಪರ್ಧೆಯ ಚಿತ್ರ. ಆ ಚಿತ್ರದ ಕೆಲಸವೇನು? ಇದು ಯಾವ ಸ್ಪರ್ಧೆಯ ಬಹುಮಾನ ಎಂಬುದು ನೋಡಿದ ಕೂಡಲೇ ತಿಳಿಯಬೇಕು. ಮುಷ್ಟಿಪಟುವಾದರೆ ಕೈಗೆ ತೊಗಲಿನ ಪಟ್ಟಿ ಸುತ್ತಿ ಬರೆದರಾಯಿತು, ಓಟಗಾರನಾದರೆ ಓಡಿಸಿದರಾಯಿತು. ಪಂಕ್ರೇಷನ್ ಪಟುವನ್ನು ಮುಷ್ಟಿಪಟುವಿನಿಂದಲೂ ಕುಸ್ತಿಪಟುವಿನಿಂದಲೂ ಬೇರೆ ಮಾಡಿ ತೋರಿಸುವುದು ಹೇಗೆ? ಒದೆಯಲು ಕಾಲೆತ್ತಿಸಬೇಕು, ಅಥವಾ ಹಿಡಿದುಕೊಂಡೇ ಗುದ್ದಿಸಬೇಕು. ಹಾಗಾಗಿ ಮಡಕೆಯ ಮೇಲೆ ಉಳಿದಿರುವುದು ಥಟ್ಟನೆ ಗುರುತು ಸಿಗುವ ಭಂಗಿ. ಕಣದಲ್ಲಿ ಹೆಚ್ಚು ಹೊತ್ತು ಕಾಣುತ್ತಿದ್ದ ಭಂಗಿಯೂ ಅದೇ ಆಗಬೇಕೆಂದಿಲ್ಲ. ನಮ್ಮ ಹೋಟೆಲುಗಳ ಶೌಚಾಲಯದ ಬಾಗಿಲ ಮೇಲೆ ಮೀಸೆಯ ಚಿತ್ರವಿರುತ್ತದೆ. ಅದನ್ನು ನೋಡಿ ಕರ್ನಾಟಕದ ಗಂಡಸರೆಲ್ಲ ಗಿರಿಜಾ ಮೀಸೆ ಬಿಟ್ಟಿದ್ದರು ಎಂದು ಮುಂದಿನ ಶತಮಾನದವರು ಬರೆದರೆ ಹೇಗಿರುತ್ತದೆ!

ಕಲ್ಲಿನ ಸಾಕ್ಷಿಯೂ ಅಷ್ಟಕ್ಕಷ್ಟೆ. ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿರುವ ಜೋಡಿ ಜಟ್ಟಿಗಳ ಅಮೃತಶಿಲೆಯ ವಿಗ್ರಹವನ್ನು ಪಂಕ್ರೇಷನ್ ಪುಸ್ತಕಗಳು ಮುಖಪುಟಕ್ಕೆ ಹಾಕಿಕೊಳ್ಳುತ್ತವೆ. ಅದು ಕಳೆದುಹೋದ ಗ್ರೀಕ್ ಶಿಲ್ಪವೊಂದರ ರೋಮನ್ ಪ್ರತಿ. 1583ರಲ್ಲಿ ರೋಮ್‌ನಲ್ಲಿ ನೆಲದಡಿ ಸಿಕ್ಕಿತು. ಈಗ ಕಾಣುವ ಎರಡೂ ತಲೆಗಳು ಆ ಶಿಲ್ಪದ ಮೂಲ ತಲೆಗಳಲ್ಲ. ಅವರು ಎತ್ತ ನೋಡುತ್ತಿದ್ದರು ಅನ್ನುವುದೇ ಊಹೆ. ಇಷ್ಟಾದರೂ ಆ ಶಿಲ್ಪ ಒಂದು ನಿಜವನ್ನು ಹೇಳುತ್ತದೆ: ಇಬ್ಬರೂ ನೆಲದ ಮೇಲಿದ್ದಾರೆ.

ಗ್ರೀಕರು ತಾವೇ ನೆನಪಿಟ್ಟುಕೊಂಡ ಪಂಕ್ರೇಷನ್ ಕತೆಗಳನ್ನು ಓದುತ್ತಾ ಹೋದರೆ, ಚೆನ್ನಾಗಿ ನಿಂತು ಗೆದ್ದವರಿಗಿಂತ ಬೇರೆಯವರೇ ಎದುರಾಗುತ್ತಾರೆ. ಸಿಕ್ಯೋನಿನ ಸೊಸ್ಟ್ರಟಸ್ ಒಲಿಂಪಿಯಾದಲ್ಲಿ ಮೂರು ಸಲ ಗೆದ್ದವನು. ಎದುರಾಳಿಯ ಬೆರಳುಗಳನ್ನು ಹಿಡಿದು, ಅವನು ಸೋಲೊಪ್ಪುವವರೆಗೂ ಬಗ್ಗಿಸುತ್ತಿದ್ದ ಎಂದು ಪೌಸೇನಿಯಸ್ ಬರೆದಿದ್ದಾನೆ. ಫಿಗಾಲಿಯದ ಅರ‍್ರಿಕಿಯನ್ ಕ್ರಿ.ಪೂ. 564ರಲ್ಲಿ, ಕತ್ತು ಹಿಸುಕಿಸಿಕೊಳ್ಳುತ್ತಲೇ ಎದುರಾಳಿಯ ಕಾಲನ್ನು ಮುರಿದ. ನೋವು ತಾಳದೆ ಅವನು ಸೋಲೊಪ್ಪಿದ, ಆ ಹೊತ್ತಿಗೆ ಅರ‍್ರಿಕಿಯನ್ ಸತ್ತಿದ್ದ. ಹೆಣಕ್ಕೆ ಕಿರೀಟ ತೊಡಿಸಿದರು. ಪೌಸೇನಿಯಸ್ ಪ್ರಕಾರ ಮುರಿದದ್ದು ಕಾಲ್ಬೆರಳು, ಫಿಲೋಸ್ಟ್ರಾಟಸ್ ಪ್ರಕಾರ ಕಣಕಾಲಿನ ಗಂಟು. ಇಬ್ಬರೂ ಬರೆದದ್ದು ಘಟನೆಯಾಗಿ ಏಳುನೂರು ವರ್ಷ ಕಳೆದ ಮೇಲೆ. ಇಡೀ ಗ್ರೀಸ್ ಮಾತಾಡಿಕೊಂಡ ಪಂದ್ಯದಲ್ಲಿ ಮುರಿದದ್ದು ಬೆರಳೋ ಗಂಟೋ ಎಂಬುದೇ ಇತ್ಯರ್ಥವಾಗಿಲ್ಲ. ನಮ್ಮ ಪೋಸ್ಟರಿನವರಿಗೆ ಮಾತ್ರ ಹಿಮ್ಮಡಿ ಯಾವ ಕೋನದಲ್ಲಿತ್ತು ಅನ್ನುವುದೂ ಗೊತ್ತು.

ನನಗೆ ತುಂಬ ಇಷ್ಟವಾದದ್ದು ಸಿಲಿಸಿಯಾದ ಕುಳ್ಳನ ಕತೆ. ಅವನಿಗೆ ‘ಹಾಲ್ಟರ್’ ಎಂಬ ಅಡ್ಡಹೆಸರು. ಹಾಲ್ಟರ್ ಅಂದರೆ ಉದ್ದಜಿಗಿತದವರು ಕೈಯಲ್ಲಿ ಹಿಡಿಯುವ ತೂಕದ ಗುಂಡು. ಎದುರಾಳಿಗಳೆಲ್ಲ ತನಗಿಂತ ದೊಡ್ಡವರಾದ್ದರಿಂದ ಹೇಗೆ ಗೆಲ್ಲಲಿ ಎಂದು ಅವನು ವೀರ ಪ್ರೊಟೆಸಿಲಾಸನ ಗುಡಿಯಲ್ಲಿ ಕೇಳಿದನಂತೆ. ತುಳಿಸಿಕೊಂಡು ಗೆಲ್ಲು ಎಂಬ ಉತ್ತರ ಬಂತು. ಮೊದಲು ಅವನ ಜಂಘಾಬಲವೇ ಉಡುಗಿತು. ಆಮೇಲೆ ಅರ್ಥ ಹೊಳೆಯಿತು. ಎದುರಾಳಿಯ ಹಿಮ್ಮಡಿಯನ್ನು ಬಿಡದೆ ಹಿಡಿಯಬೇಕಾದರೆ ಅವನ ಕಾಲಡಿಗೆ ಬೀಳಲೇಬೇಕು, ತುಳಿಸಿಕೊಳ್ಳಲೇಬೇಕು. ಹಾಗೆ ಮಾಡಿಯೇ ಅವನು ಹೆಸರಾದ. ಫಿಲೋಸ್ಟ್ರಾಟಸ್ ಇದನ್ನು ‘ಹೆರೋಯಿಕಸ್’ನಲ್ಲಿ ಹೇಳುತ್ತಾನೆ. ದೇವರ ಮಾತಿನ ಭಾಗವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಕಾಲಡಿ ಬಿದ್ದು ಗೆಲ್ಲುವುದು ಗ್ರೀಕ್ ಓದುಗರಿಗೆ ನಂಬಬಹುದಾದ ಸಂಗತಿಯಾಗಿತ್ತಲ್ಲ! ಈ ಭಂಗಿಯನ್ನು ಯಾವ ಪೋಸ್ಟರಿನಲ್ಲೂ ನಾನು ನೋಡಿಲ್ಲ. ತುಳಿಸಿಕೊಳ್ಳುವುದಕ್ಕೆ ಯಾರು ಶುಲ್ಕ ಕಟ್ಟುತ್ತಾರೆ?

ನಾನು ಬೆಳೆದ ಬೀದಿಯಲ್ಲಿ ಒಂದು ಗರಡಿ ಇತ್ತು. ನಾನು ಜಟ್ಟಿಯಾಗಲಿಲ್ಲ, ಆದರೆ ಮಟ್ಟಿಯ ಅಂಚಿನಲ್ಲಿ ಕೂತು ಬೇಕಾದಷ್ಟು ನೋಡಿದ್ದೇನೆ. ಹೊಸ ಹುಡುಗರು ‘ಹೆಂಗೆ ನಿಲ್ಲಬೇಕು ಉಸ್ತಾದ್?’ ಅಂತ ಕೇಳಿದರೆ ಅವರು ಉತ್ತರ ಕೊಡುತ್ತಿರಲಿಲ್ಲ, ಇನ್ನೊಬ್ಬ ಹುಡುಗನನ್ನು ಎದುರಿಗೆ ಬಿಡುತ್ತಿದ್ದರು. ಅವನು ಕಾಲಿಗೆ ಬಂದರೆ ಒಂದು ನಿಲುವು, ಕತ್ತಿಗೆ ಬಂದರೆ ಇನ್ನೊಂದು. ನಮ್ಮ ಭಾಷೆಗೆ ಇದು ಮೊದಲೇ ಗೊತ್ತು. ಕತ್ತಿವರಸೆ, ದೊಣ್ಣೆವರಸೆ ಅನ್ನುತ್ತೇವೆ. ವರಸೆ ಅಂದರೆ ಸಾಲು, ಒಂದರ ಹಿಂದೊಂದು ಬರುವ ಕ್ರಮ. ಸಂಗೀತ ಕಲಿಯುವ ಮಕ್ಕಳು ಹಾಡುವ ಸರಳೆ ವರಸೆಯೂ ಅದೇ. ಅದರಿಂದ ಒಂದು ‘ಗ’ವನ್ನು ಕಿತ್ತು ಚೌಕಟ್ಟು ಹಾಕಿಸಿ, ಇದೇ ವರಸೆ ಅಂದರೆ ಯಾವ ಸಂಗೀತದ ಮೇಷ್ಟ್ರೂ ಒಪ್ಪುವುದಿಲ್ಲ. ಗ್ರೀಕರ ಕೈಪಿಡಿಯ ತುಣುಕೊಂದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದೆ. ಪಂಕ್ರೇಷನ್‌ನದಲ್ಲ, ಕುಸ್ತಿಯದು. ಅದರಲ್ಲಿರುವುದು ಬರೀ ಆಜ್ಞೆಗಳು: ನೀನು ಹೀಗೆ ಹಿಡಿ, ನೀನು ಬದಿಗೆ ಸರಿ, ಹೆಣೆದುಕೊ. ಒಮ್ಮೆ ಈ ಶಿಷ್ಯನಿಗೆ, ಮರುಕ್ಷಣ ಆ ಶಿಷ್ಯನಿಗೆ. ಅದನ್ನು ಓದಿದಾಗ ನನಗೆ ನಮ್ಮ ಬೀದಿಯ ಉಸ್ತಾದರ ದನಿಯೇ ಕೇಳಿಸಿತು.

ಇನ್ನು ವಂಶವೃಕ್ಷ. ಅಲೆಕ್ಸಾಂಡರನ ಸೈನ್ಯದ ಜೊತೆ ಪಂಕ್ರೇಷನ್ ಭಾರತಕ್ಕೆ ಬಂತು, ಇಲ್ಲಿಯ ಮಲ್ಲವಿದ್ಯೆಗೂ ಕಳರಿಗೂ ತಾಯಿಯಾಯಿತು, ಅಲ್ಲಿಂದ ಬೋಧಿಧರ್ಮನ ಮೂಲಕ ಚೀನಾದ ಶಾವೊಲಿನ್‌ಗೆ ಹೋಯಿತು ಎಂಬ ಕತೆ ಎಷ್ಟು ಸಲ ಹೇಳಲ್ಪಟ್ಟಿದೆಯೆಂದರೆ ಈಗ ಅದಕ್ಕೆ ಯಾರೂ ಆಧಾರ ಕೇಳುವುದಿಲ್ಲ. ಆಧಾರ ಅಂತ ತೋರಿಸುವುದು ಮತ್ತೆ ನಿಲುವುಗಳನ್ನೇ: ನೋಡಿ, ಇವನೂ ಎಡಗೈ ಚಾಚಿದ್ದಾನೆ, ಅವನೂ ಚಾಚಿದ್ದಾನೆ. ಎರಡು ಕೈ ಎರಡು ಕಾಲಿನ ಪ್ರಾಣಿ ಹೊಡೆತ ತಪ್ಪಿಸಿಕೊಳ್ಳಲು ಇನ್ನೇನು ಚಾಚಬೇಕಿತ್ತು?

ಆ ದಂಡಯಾತ್ರೆಯಲ್ಲಿ ನಮ್ಮ ನೆಲಕ್ಕೆ ಬಂದದ್ದು ನಿಜವೆಂದು ಹೆಸರು ಹಿಡಿದು ಹೇಳಬಹುದಾದ ಪಂಕ್ರೇಷನ್ ವಿಜೇತನೊಬ್ಬನಿದ್ದಾನೆ. ಅಥೆನ್ಸಿನ ಡಯಾಕ್ಸಿಪ್ಪಸ್. ಒಲಿಂಪಿಯಾದಲ್ಲಿ ಅವನೆದುರು ನಿಲ್ಲಲು ಯಾರೂ ಬರದೆ, ಮೈಗೆ ಧೂಳು ಹತ್ತದೆಯೇ ಗೆದ್ದವನು ಎಂದು ಪ್ಲಿನಿ ಬರೆದಿದ್ದಾನೆ. ಮಾಲವರ ಮೇಲಿನ ಕದನದಲ್ಲಿ ಗಾಯಗೊಂಡ ಅಲೆಕ್ಸಾಂಡರ್ ಚೇತರಿಸಿಕೊಂಡ ಮೇಲೆ ಔತಣ ನಡೆಯಿತು. ಅಲ್ಲಿ ಮೆಸಿಡೋನಿಯದ ಸೈನಿಕ ಕೊರಾಗಸ್ ಕುಡಿದು ಇವನನ್ನು ಕೆಣಕಿದ. ಪಂದ್ಯ ಗೊತ್ತಾಯಿತು. ಕೊರಾಗಸ್ ಪೂರ್ತಿ ಶಸ್ತ್ರಸಜ್ಜಿತ, ಡಯಾಕ್ಸಿಪ್ಪಸ್ ಮೈಗೆ ಎಣ್ಣೆ, ಕೈಗೆ ಒಂದು ದೊಣ್ಣೆ. ಈಟಿಯೆಸೆತವನ್ನು ತಪ್ಪಿಸಿಕೊಂಡ, ಉದ್ದನೆಯ ಭರ್ಜಿಯನ್ನು ದೊಣ್ಣೆಯಿಂದ ಮುರಿದ, ಕತ್ತಿ ಹಿರಿಯುವಷ್ಟರಲ್ಲಿ ಆ ಕೈಯನ್ನೇ ಹಿಡಿದು ಕಾಲುಕೊಟ್ಟು ಕೆಡವಿದ, ಕತ್ತಿನ ಮೇಲೆ ಕಾಲಿಟ್ಟ. ಇದರಲ್ಲೂ ಯಾವ ಭಂಗಿಯೂ ಎರಡು ಕ್ಷಣ ನಿಂತಿಲ್ಲ. ಮೆಸಿಡೋನಿಯದವರಿಗೆ ಅವಮಾನವಾಯಿತು, ಅಲೆಕ್ಸಾಂಡರನಿಗೂ. ಸ್ವಲ್ಪ ದಿನಕ್ಕೆ ಚಿನ್ನದ ಬಟ್ಟಲು ಕದ್ದನೆಂಬ ಸುಳ್ಳು ಆರೋಪವನ್ನು ಅವನ ಮೇಲೆ ಹೊರಿಸಿದರು. ಅವನು ಪತ್ರ ಬರೆದಿಟ್ಟು ತನ್ನನ್ನು ತಾನೇ ಕೊಂದುಕೊಂಡ.

ಭಾರತಕ್ಕೆ ಮಲ್ಲವಿದ್ಯೆ ಕಲಿಸಲು ಬಂದನೆನ್ನಬಹುದಾದ ಗುರುವಿನ ಗತಿ ಇದು. ಬೋಧಿಧರ್ಮನಿಗೂ ಇವನಿಗೂ ನಡುವೆ ಎಂಟುನೂರು ವರ್ಷಗಳ ಅಂತರ. ಬೋಧಿಧರ್ಮ ಚೀನಾದ ಸನ್ಯಾಸಿಗಳಿಗೆ ಮೈಸಾಧನೆ ಕಲಿಸಿದನೆಂಬ ಕತೆ ಆತುಕೊಂಡಿರುವ ಗ್ರಂಥ 17ನೇ ಶತಮಾನದ್ದು.

ಇದಕ್ಕೆ ಉತ್ತರ ಅನ್ನುವಂತೆ ನಮ್ಮವರು ಕತೆಯನ್ನು ತಿರುಗಿಸಿ ಹೇಳುತ್ತಾರೆ. ಗ್ರೀಕರೇ ನಮ್ಮಿಂದ ಕಲಿತರಂತೆ, ಜರಾಸಂಧನ ಕಾಳಗವೇ ಮೂಲವಂತೆ. ಬಾಣದ ಗುರುತು ಆ ಕಡೆಯಿಂದ ಈ ಕಡೆಗೆ ತಿರುಗಿತೇ ಹೊರತು ಕತೆ ಅದೇ, ಆಧಾರದ ಬಡತನವೂ ಅದೇ. ನನಗೆ ಇದು ಇನ್ನೂ ಹೆಚ್ಚು ಬೇಸರ ತರಿಸುತ್ತದೆ. ಯಾಕೆಂದರೆ ನಮ್ಮಲ್ಲಿ ಓದಬೇಕಾದದ್ದು ನಿಜವಾಗಿ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ, ಜಟ್ಟಿಗಳ ದರ್ಜೆ, ಸಾಮು, ಊಟದ ವಿವರಗಳ ಸಮೇತ. ಅದನ್ನು ಓದದೆಯೇ ಗ್ರೀಸಿನವರೆಗೆ ಓಡುವವರ ಅವಸರ ನನಗೆ ಅರ್ಥವಾಗುವುದಿಲ್ಲ.

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ‘ಭಾರತದ ಪಂಕ್ರೇಷನ್’ ಎಂದು ಪರಿಚಯಿಸುವುದನ್ನು ಕೇಳಿದ್ದೇನೆ. ಹೊಗಳಿಕೆ ಅಂದುಕೊಂಡೇ ಹೇಳುತ್ತಾರೆ. ವಜ್ರಮುಷ್ಟಿಯಲ್ಲಿ ಬೋಳಿಸಿದ ತಲೆಯಿಂದ ಮೊದಲ ರಕ್ತ ಕಂಡ ಕೂಡಲೇ ಕಾಳಗ ಮುಗಿಯುತ್ತದೆ. ಪಂಕ್ರೇಷನ್‌ನಲ್ಲಿ ರಕ್ತ ಹರಿದರೆ ಯಾರೂ ನಿಲ್ಲಿಸುತ್ತಿರಲಿಲ್ಲ. ಒಂದರಲ್ಲಿ ಕೈಗೆ ಆಯುಧ, ಇನ್ನೊಂದರಲ್ಲಿ ಬರಿಗೈ. ಎಲ್ಲಿ ನಿಲ್ಲಿಸಬೇಕು ಎಂಬುದು ಯಾವುದೇ ಕಾಳಗದ ಮೊದಲ ನಿಯಮ. ಅದೇ ಬೇರೆಯಾಗಿರುವಾಗ ಚಾಚಿದ ಕೈ ಒಂದೇ ಥರ ಕಂಡರೆ ಏನಾಯಿತು? ಜಟ್ಟಿ ಮನೆತನಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ವಿದ್ಯೆಗೆ ಗ್ರೀಕ್ ಹೆಸರಿನ ಜಾಮೀನು ಯಾಕೆ ಬೇಕು?

ಯಾರಿಗೂ ನಷ್ಟವಿಲ್ಲದ ಮಾತಿಗೆ ಇಷ್ಟು ಕೂಗಾಟವೇಕೆ ಎಂದು ಗೆಳೆಯರು ಕೇಳುತ್ತಾರೆ. ಹೊಸದಾಗಿ ಕಟ್ಟಿದ ಆಧುನಿಕ ಪಂಕ್ರೇಷನ್ ಇದೆ, ಅದಕ್ಕೆ ಪಂದ್ಯಗಳಿವೆ, ಆಡುವವರಿದ್ದಾರೆ. ಅದನ್ನು ಹೊಸದೆಂದೇ ಕರೆದರೆ ನನ್ನದೇನೂ ಅಡ್ಡಿಯಿಲ್ಲ. ಆದರೆ ‘ಅಸಲಿ ಭಂಗಿ’ ಒಂದು ಕೆಲಸ ಮಾಡುತ್ತದೆ. ಹಿಸುಕಿದ ಕತ್ತು, ಬಗ್ಗಿಸಿದ ಬೆರಳು, ಕಿರೀಟ ತೊಟ್ಟ ಹೆಣ, ಇವೆಲ್ಲವನ್ನೂ ಚೌಕಟ್ಟಿನಾಚೆಗೆ ತಳ್ಳಿ ಚೆಂದದ ಗಂಡಸೊಬ್ಬನನ್ನು ಮಾತ್ರ ಉಳಿಸುತ್ತದೆ. ಆಮೇಲೆ ಅವನಿಗೆ ಯಾರು ಬೇಕಾದರೂ ತಮ್ಮ ಬಾವುಟ ಹಿಡಿಸಬಹುದು.

ಪೋಸ್ಟರಿಗೆ ಚಿತ್ರ ಬೇಕೇ ಬೇಕು ಅನ್ನುವವರಿಗೆ ಒಂದನ್ನು ಸೂಚಿಸುತ್ತೇನೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕ್ರಿ.ಪೂ. 490–480ರ ಸುಮಾರಿನ ಒಂದು ಬಟ್ಟಲಿದೆ. ಬರೆದವನ ಹೆಸರು ತಿಳಿಯದ್ದರಿಂದ ವಿದ್ವಾಂಸರು ಅವನನ್ನು ‘ಫೌಂಡ್ರಿ ಚಿತ್ರಕಾರ’ ಎಂದು ಕರೆಯುತ್ತಾರೆ. ಅದರಲ್ಲಿ ಇಬ್ಬರು ಪಂಕ್ರೇಷನ್ ಪಟುಗಳು ನೆಲದ ಮೇಲೆ ಗಂಟು ಬಿದ್ದಿದ್ದಾರೆ. ಒಬ್ಬ ಇನ್ನೊಬ್ಬನ ಕಣ್ಣಿಗೆ ಬೆರಳು ಹಾಕುತ್ತಿದ್ದಾನೆ. ಆ ಚಿತ್ರದಲ್ಲಿ ನೆಟ್ಟಗೆ ನಿಂತಿರುವವನು ತೀರ್ಪುಗಾರ, ಅವನು ಕೋಲೆತ್ತಿದ್ದಾನೆ, ಇನ್ನೇನು ಹೊಡೆಯಬೇಕು.