ಹಾಜಿಯ ಪಜೀತಿ, ಹುದಾಳ ಪಾಡು

ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ನಾಲ್ವರು ಒಂದೇ ಲ್ಯಾಪ್‌ಟಾಪ್ ಮುಂದೆ ಕುಳಿತು ಮೊರಾಕ್ಕೊ ದೇಶದ ಸಿನಿಮಾವೊಂದನ್ನು ನೋಡಿದೆವು. ಹೆಸರೇ ವಿಚಿತ್ರ: ‘ನನ್ನ ಹೆಂಡತಿಯ ಗಂಡನ ಹುಡುಕಾಟದಲ್ಲಿ’. 1993ರ ಚಿತ್ರ. ನಿರ್ದೇಶಕ ಮೊಹಮ್ಮದ್ ಅಬ್ದೆರ್‌ರಹಮಾನ್ ತಾಜಿ. ಚಿತ್ರಕಥೆ ಫರೀದಾ ಬೆನ್‌ಲ್ಯಜೀದ್ ಎಂಬ ಮಹಿಳೆಯದು. ಆ ದೇಶದ ಥಿಯೇಟರುಗಳಲ್ಲಿ ಭರ್ಜರಿಯಾಗಿ ಓಡಿತ್ತಂತೆ.

ಫೆಜ್ ನಗರದಲ್ಲಿ ಹಾಜಿ ಬೆನ್ ಮೂಸಾ ಒಡವೆ ವ್ಯಾಪಾರಿ. ಮನೆಯಲ್ಲಿ ಮೂವರು ಹೆಂಡಿರು. ಕಿರಿಯವಳು ಹುದಾ, ವಯಸ್ಸಿನಲ್ಲಿ ಅವನಿಗೆ ಮಗಳಂತಿದ್ದಾಳೆ. ಅಸೂಯೆಯಿಂದ ಸಿಟ್ಟು ನೆತ್ತಿಗೇರಿ ಅವಳಿಗೆ ತಲಾಖ್ ಹೇಳಿಬಿಡುತ್ತಾನೆ. ಸಿಟ್ಟಿಳಿದ ಮೇಲೆ ಲೆಕ್ಕ ಹಾಕಿದರೆ ಅದು ಮೂರನೇ ಸಲ! ಎರಡರವರೆಗೆ ಮತ್ತೆ ಕೂಡಿಕೊಳ್ಳಬಹುದು. ಮೂರಾದರೆ ಆಕೆ ಇನ್ನೊಬ್ಬನನ್ನು ಮದುವೆಯಾಗಿ, ಸಂಸಾರ ಮಾಡಿ, ಅವನಿಂದಲೂ ಬಿಡುಗಡೆಯಾದರೆ ಮಾತ್ರ ಮೊದಲಿನವನಿಗೆ ದಾರಿ. ಗಂಡಸಿನ ದುಡುಕಿಗೆ ಹಾಕಿದ ಬ್ರೇಕ್ ಇದು. ಮೊದಲೇ ಮಾತಾಡಿಕೊಂಡು ಹೀಗೆ ಮದುವೆ ಮಾಡಿಸುವುದನ್ನು ಧರ್ಮಶಾಸ್ತ್ರ ಬಲ್ಲವರೂ ಖಂಡಿಸುತ್ತಾರೆ. ಹಾಜಿಗೆ ಅದೆಲ್ಲ ಯಾಕೆ? ತಾನೇ ವರಾನ್ವೇಷಣೆಗೆ ಹೊರಡುತ್ತಾನೆ. ಸಿಕ್ಕಿದವನು ಬೆಲ್ಜಿಯಂನಲ್ಲಿ ದುಡಿಯುವವನು. ಮದುವೆಯಾಗಿ, ತಲಾಖ್ ಕೊಡದೆ ಮಾಯವಾಗುತ್ತಾನೆ.

ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಹಾಜಿಯಾದ ಬಶೀರ್ ಸ್ಕೀರೆಜ್ ಅವರ ಮುಖ ನೋಡಿದರೇ ನಗು ಬರುತ್ತದೆ. ಕೊನೆಗೆ ಆ ಶ್ರೀಮಂತ, ಕದ್ದು ಯುರೋಪಿಗೆ ಹೋಗುವ ಬಡವರ ದೋಣಿಯಲ್ಲಿ ಕುಳಿತಾಗ ನಮ್ಮಲ್ಲೊಬ್ಬ ‘ಪಾಪ ಕಣೋ ಹಾಜಿ’ ಎಂದ.

ನನ್ನ ತಕರಾರು ಇರುವುದು ಅಲ್ಲೇ. ಹಾಜಿಗೆ ಆಗಿದ್ದು ಪಜೀತಿ. ಅವನಿಗೆ ಮನೆಯಿದೆ, ಅಂಗಡಿಯಿದೆ, ಇನ್ನಿಬ್ಬರು ಹೆಂಡಿರಿದ್ದಾರೆ. ಹುದಾಳಿಗೆ? ಊರಿನಲ್ಲೇ ಇಲ್ಲದವನ ಹೆಂಡತಿಯಾಗಿ ಉಳಿದಿದ್ದಾಳೆ. ಹಾಜಿಯ ಬಳಿಗೆ ಮರಳುವಂತಿಲ್ಲ, ತಾನು ಮೆಚ್ಚಿದ ಬೇರೊಬ್ಬನನ್ನು ಮದುವೆಯಾಗುವಂತೆಯೂ ಇಲ್ಲ. ಆಗಿನ ಕಾನೂನಿನಲ್ಲಿ ತಲಾಖ್ ಗಂಡನ ಇಷ್ಟ. ಹೆಂಡತಿಯಾದರೆ ಕೋರ್ಟಿಗೆ ಹೋಗಿ ಕಾರಣ ಸಾಬೀತುಪಡಿಸಬೇಕಿತ್ತು. ನಮ್ಮ ಕಂಪ್ಯೂಟರಿನ ಅನ್‌ಡು ಬಟನ್ ಇದ್ದಂತೆ, ಆದರೆ ಒಬ್ಬರ ಕೀಬೋರ್ಡಿನಲ್ಲಿ ಮಾತ್ರ.

ಇದು ಆ ಮನೆಯೊಂದರ ಕಥೆಯಾಗಿರಲಿಲ್ಲ. 1992ರಲ್ಲೇ ಅಲ್ಲಿನ ಮಹಿಳೆಯರು ಕುಟುಂಬ ಕಾನೂನು ಬದಲಿಸಿ ಎಂದು ಹತ್ತು ಲಕ್ಷ ಸಹಿ ಸಂಗ್ರಹದ ಚಳವಳಿ ಶುರು ಮಾಡಿದ್ದರು. ಮರುವರ್ಷ ಆದ ತಿದ್ದುಪಡಿ ಅಷ್ಟಕ್ಕಷ್ಟೆ. 2004ರ ಹೊಸ ಕಾನೂನು ವಿಚ್ಛೇದನವನ್ನು ಕೋರ್ಟಿನ ಉಸ್ತುವಾರಿಗೆ ತಂದಿತು, ರಾಜಿ ಪ್ರಯತ್ನ ಕಡ್ಡಾಯ ಮಾಡಿತು, ಹೊಂದಾಣಿಕೆ ಆಗುತ್ತಿಲ್ಲ ಎಂದು ಹೆಂಡತಿಯೂ ಬಿಡುಗಡೆ ಕೇಳಬಹುದು ಎಂದಿತು. ಎರಡನೇ ಮದುವೆಗೂ ಕೋರ್ಟಿನ ಅನುಮತಿ ಬೇಕು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ‘ಕಾಮಿಡಿ ನೋಡಿ ಇಷ್ಟು ತಲೆ ಕೆಡಿಸಿಕೊಳ್ತೀಯಲ್ಲ’ ಎಂದು ಬೈದ. ಸ್ವಲ್ಪ ಹೊತ್ತು ಬಿಟ್ಟು, ಲೈಟ್ ಆರಿಸಿದ ಮೇಲೆ ಅವನೇ ಕೇಳಿದ: ‘ಹುದಾಗೆ ವಾಪಸ್ ಹೋಗೋ ಇಷ್ಟ ಇತ್ತಾ? ಅದನ್ನ ಯಾರಾದ್ರೂ ಕೇಳಿದ್ರಾ?’