ಜೀಪಿನ ಜೀರ್ಣೋದ್ಧಾರ

ದೇವಸ್ಥಾನದ ಜೀರ್ಣೋದ್ಧಾರವೆಂದರೆ ಊರೇ ನೆರೆಯುತ್ತದೆ. ಹಳೆಯ ವಿಲ್ಲೀಸ್ ಜೀಪಿನ ಜೀರ್ಣೋದ್ಧಾರಕ್ಕೆ ಹೊರಟವನತ್ತ ಮನೆಯವರೂ ತಿರುಗಿ ನೋಡರು. ನಮ್ಮ ಉಡುಪಿಯ ಸೀಮೆಯಲ್ಲಂತೂ ಹವೆಯೇ ಅವನ ಮೊದಲ ವೈರಿ. ಕಾಪುವಿನ ಕಡಲಗಾಳಿಯಲ್ಲಿ ಉಪ್ಪು, ಕಾರ್ಕಳದ ಕಡೆ ಬಿಡದ ಮಳೆ. ತೇವವಿದ್ದಾಗ ಬಳಿದ ಬಣ್ಣದ ಅಡಿಯಿಂದಲೇ ತುಕ್ಕು ಮತ್ತೆ ಏಳುತ್ತದೆ. ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆದ ಬೋಲ್ಟು ಬೆಳಗ್ಗೆ ಅಲುಗದು. ಕಾಯಿಸಿ ತಿರುಗಿಸಿದರೆ ತಲೆಯೇ ಕಿತ್ತು ಬರುತ್ತದೆ.

ಇಷ್ಟಾದ ಮೇಲೆ ಮೆಕ್ಯಾನಿಕನ ಉಪದೇಶ: "ಈ ಪೆಟ್ರೋಲ್ ಎಂಜಿನ್ ಬಿಸಾಡಿ ಮಾರಾಯ್ರೆ, ಡೀಸೆಲಿನದ್ದು ಕೂರಿಸುವ."

ಘಟ್ಟದ ತೋಟದಲ್ಲಿ ಅಡಿಕೆ ಹೇರುವವನಿಗೆ ಆ ಮಾತು ಸರಿಯೆ. ಅವನಿಗೆ ಬೇಕಾದುದು ದುಡಿಯುವ ಗಾಡಿ. ಹಳೆಯದನ್ನು ಉಳಿಸಲೆಂದೇ ಕೈಹಾಕಿದವನು ಮಾತ್ರ ಅದಕ್ಕೆ ಒಪ್ಪಬಾರದೆಂಬುದು ನನ್ನ ಮತ. 1941ರಿಂದ ಮಹಾಯುದ್ಧದ ಕೆಸರಿನಲ್ಲಿ ಓಡಿದ್ದು ನಾಲ್ಕು ಸಿಲಿಂಡರಿನ, 60 ಅಶ್ವಶಕ್ತಿಯ ಆ ಎಂಜಿನ್ನು. ಅದು ಹೋದ ಮೇಲೆ ಉಳಿಯುವುದು ಜೀಪಿನ ಅಂಗಿಯಷ್ಟೆ! 2021ರ ಕೇಂದ್ರ ನಿಯಮವೂ 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ 'ವಿಂಟೇಜ್' ಪಟ್ಟ ಕೊಡುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಹಾಗೆ ಪಟ್ಟ ಪಡೆದದ್ದನ್ನು ದಿನನಿತ್ಯ ಓಡಿಸುವಂತಿಲ್ಲವೆಂಬುದು ಬೇರೆ ಮಾತು. ಪುಣ್ಯಕ್ಕೆ, ಪ್ರದರ್ಶನಕ್ಕೆ ಒಯ್ಯಬಹುದು.

ಪಿಸ್ಟನ್ ರಿಂಗು ಸಿಕ್ಕದೆ ಒಂದು ಮಳೆಗಾಲ ಕಳೆದರೆ ಕಳೆಯಲಿ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಬಾಯಿ ಮುಚ್ಚಿ, ಕೊಟ್ಟಿಗೆಯ ಸೂರಿನಡಿ ಇಟ್ಟರಾಯಿತು. ದೀಪಾವಳಿಯ ತರುವಾಯ ಬಿಸಿಲು ಬಂದಾಗ ಮತ್ತೆ ಸ್ಪ್ಯಾನರು ಹಿಡಿಯಬಹುದಲ್ಲ?