'ಮಾಟಗಾತಿ' ಪಟ್ಟ ಹೊತ್ತು ದೇಶ ತೊರೆದ ದುಬ್ರಾವ್ಕಾ ಉಗ್ರೇಶಿಚ್

ಕ್ರೊವೇಷಿಯಾ ವಿಶ್ವಸಂಸ್ಥೆಯ ಸದಸ್ಯತ್ವ ಪಡೆದದ್ದು 1992ರ ಮೇ ತಿಂಗಳಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಝಾಗ್ರೆಬ್‌ನ 'ಗ್ಲೋಬಸ್' ವಾರಪತ್ರಿಕೆ ಐವರು ಲೇಖಕಿಯರನ್ನು 'ಮಾಟಗಾತಿಯರು' ಎಂದು ಕರೆದು ಲೇಖನವೊಂದನ್ನು ಪ್ರಕಟಿಸಿತು. ಐವರಲ್ಲಿ ಒಬ್ಬರು ಕಾದಂಬರಿಕಾರ್ತಿ ದುಬ್ರಾವ್ಕಾ ಉಗ್ರೇಶಿಚ್.

ರಿಯೋ ಡಿ ಜನೈರೋದಲ್ಲಿ ನಡೆದ ಅಂತರರಾಷ್ಟ್ರೀಯ ಪೆನ್ ಸಮ್ಮೇಳನ ಇದಕ್ಕೆ ನೆಪವಾಯಿತು. 1993ರ ಸಮ್ಮೇಳನ ದುಬ್ರೋವ್ನಿಕ್‌ನಲ್ಲಿ ನಡೆಯದಂತೆ ಇವರು ಸಂಚು ಹೂಡಿದರೆಂಬುದು ಆರೋಪ. ಯುದ್ಧಕಾಲದ ಅತ್ಯಾಚಾರಗಳನ್ನು ಒಂದು ಜನಾಂಗದ ಅಪರಾಧವೆನ್ನದೆ ಸ್ತ್ರೀಯರ ಮೇಲಿನ ಪುರುಷ ದೌರ್ಜನ್ಯವೆಂದು ನೋಡಿದ್ದು ಇನ್ನೊಂದು ಆರೋಪ. ಜೊತೆಗೊಂದು ಪಟ್ಟಿ: ಯಾರು ಯಾವ ಜನಾಂಗದವರು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಯುದ್ಧದ ವೇಳೆ ಎಲ್ಲಿದ್ದರು! ಸಾಹಿತ್ಯ ವಿಮರ್ಶೆಗೆ ಈ ಮಾಹಿತಿ ಏಕೆ ಬೇಕೆಂಬ ಪ್ರಶ್ನೆಯನ್ನು ಅಂದು ಕೇಳಿದವರು ವಿರಳ. ಐವರಲ್ಲಿ ಮತ್ತೊಬ್ಬರಾದ ರಾದಾ ಇವೆಕೋವಿಚ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಬೌದ್ಧ ದರ್ಶನ ಕುರಿತು ಸಂಶೋಧನೆ ನಡೆಸಿದ ವಿದುಷಿ ಎಂಬುದು ಇಲ್ಲಿ ಉಲ್ಲೇಖಾರ್ಹ.

1991ರ ನವೆಂಬರ್‌ನಲ್ಲಿ ವುಕೋವಾರ್ ನಗರ ಶತ್ರುವಶವಾಗಿತ್ತು. ಸಾವಿರಾರು ಕುಟುಂಬಗಳು ನಿರಾಶ್ರಿತವಾಗಿದ್ದವು. ಪೆಟ್ಟು ತಿಂದ ದೇಶಕ್ಕೆ ಟೀಕೆ ಸಹ್ಯವಾಗದಿರುವುದು ಅರ್ಥವಾಗುವಂಥದ್ದೇ. ಆದರೆ ಉಗ್ರೇಶಿಚ್ ಆಕ್ರಮಣಕಾರರ ಪರ ನಿಂತವರಲ್ಲ. ಬೆಲ್‌ಗ್ರೇಡ್‌ನ ರಾಷ್ಟ್ರೀಯವಾದಕ್ಕೂ ಝಾಗ್ರೆಬ್‌ನ ರಾಷ್ಟ್ರೀಯವಾದಕ್ಕೂ ಒಂದೇ ಮಾನದಂಡ ಹಿಡಿದದ್ದೇ ಅವರ ತಪ್ಪಾಯಿತು. 'ಶುದ್ಧ ಕ್ರೊವೇಷಿಯನ್ ಗಾಳಿ' ಎಂಬ ಹೆಸರಿನ ಡಬ್ಬಿಗಳು ಮಾರಾಟಕ್ಕೆ ಬಂದಾಗ ಅವರು ಬರೆದ ವ್ಯಂಗ್ಯ ಲೇಖನ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾಗಿ ಸ್ವದೇಶದಲ್ಲಿ ಕೋಲಾಹಲ ಎಬ್ಬಿಸಿತು. ಖಾಲಿ ಡಬ್ಬಿಯನ್ನು ಗೇಲಿ ಮಾಡಿದ್ದನ್ನು ದೇಶವನ್ನೇ ಗೇಲಿ ಮಾಡಿದಂತೆ ಭಾವಿಸಲಾಯಿತು.

ಉಗ್ರೇಶಿಚ್ ಜನಿಸಿದ್ದು 1949ರಲ್ಲಿ, ಕುತಿನಾ ಪಟ್ಟಣದಲ್ಲಿ. ತಾಯಿ ಬಲ್ಗೇರಿಯಾದವರು. ಝಾಗ್ರೆಬ್ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯ ಹಾಗೂ ರಷ್ಯನ್ ಅಭ್ಯಾಸ ಮಾಡಿ, ಅಲ್ಲಿಯೇ ಸಾಹಿತ್ಯ ಸಿದ್ಧಾಂತ ಸಂಸ್ಥೆಯಲ್ಲಿ ದುಡಿದರು. ಬೆರಳಚ್ಚುಗಾರ್ತಿಯೊಬ್ಬಳ ಪ್ರೇಮಾನ್ವೇಷಣೆಯನ್ನು ಹೊಲಿಗೆ ಪುಸ್ತಕದ ಮಾದರಿಯಲ್ಲಿ, ಕತ್ತರಿಸು, ಮಡಿಸು ಎಂಬ ಸೂಚನೆಗಳೊಂದಿಗೆ ಹೆಣೆದ 1981ರ ಕೃತಿ ಅವರಿಗೆ ಜನಪ್ರಿಯತೆ ತಂದಿತು. ರಾಯ್ಕೋ ಗ್ರ್ಲಿಚ್ ಅದನ್ನು 1984ರಲ್ಲಿ ಚಲನಚಿತ್ರವಾಗಿಸಿದರು. 1988ರಲ್ಲಿ ಯುಗೊಸ್ಲಾವಿಯಾದ ಪ್ರತಿಷ್ಠಿತ 'ನಿನ್' ಪ್ರಶಸ್ತಿ ಪಡೆದ ಮೊದಲ ಮಹಿಳೆ ಎನಿಸಿದರು. ಪ್ರಶಸ್ತಿ ನೀಡಿದ ದೇಶವೇ ಕೆಲವು ವರ್ಷಗಳಲ್ಲಿ ಇಲ್ಲವಾಯಿತು.

ಅವರನ್ನು ಯಾರೂ ಅಧಿಕೃತವಾಗಿ ಗಡಿಪಾರು ಮಾಡಲಿಲ್ಲ, ಸೆರೆಗೂ ಹಾಕಲಿಲ್ಲ. ಪತ್ರಿಕೆಗಳ ನಿಂದೆ ಮತ್ತು ಸಹೋದ್ಯೋಗಿಗಳ ಮೌನವೇ ಆ ಕೆಲಸ ಮಾಡಿದವು. 1993ರಲ್ಲಿ ದೇಶ ಬಿಟ್ಟ ಅವರು ಕೊನೆಗೆ ಆಮ್‌ಸ್ಟರ್‌ಡಾಮ್‌ನಲ್ಲಿ ನೆಲೆಸಿದರು.

ಅವರ ಶ್ರೇಷ್ಠ ಬರವಣಿಗೆ ಹುಟ್ಟಿದ್ದು ಆ ನಂತರವೇ. 'ಬೇಷರತ್ ಶರಣಾಗತಿಯ ವಸ್ತುಸಂಗ್ರಹಾಲಯ' ಕಾದಂಬರಿ ಬರ್ಲಿನ್ ಮೃಗಾಲಯದಲ್ಲಿ 1961ರಲ್ಲಿ ಸತ್ತ ರೋಲಾಂಡ್ ಎಂಬ ವಾಲ್ರಸ್‌ನ ಹೊಟ್ಟೆಯಲ್ಲಿ ದೊರೆತ ಚಿಲ್ಲರೆ ವಸ್ತುಗಳಿಂದ ಆರಂಭವಾಗುತ್ತದೆ. ನಿರಾಶ್ರಿತನ ನೆನಪಿನ ಗಂಟು ಕೂಡ ಅಂಥದ್ದೇ. 2004ರ 'ನೋವಿನ ಸಚಿವಾಲಯ'ದಲ್ಲಿ ಆಮ್‌ಸ್ಟರ್‌ಡಾಮ್‌ನ ಅಧ್ಯಾಪಕಿಯೊಬ್ಬಳು ಇಲ್ಲವಾದ ದೇಶದ ಸಾಹಿತ್ಯವನ್ನು, ಅಲ್ಲಿಂದ ಓಡಿಬಂದ ವಿದ್ಯಾರ್ಥಿಗಳಿಗೇ ಬೋಧಿಸುತ್ತಾಳೆ. ಪಾಠದ ಭಾಷೆಗೆ ಯಾವ ಹೆಸರಿಡಬೇಕೆಂಬುದೇ ಅಲ್ಲಿ ಸಂಕಟ.

ಅವರನ್ನು ಯಾವ ದೇಶದ ಲೇಖಕಿ ಎನ್ನಬೇಕು? ಕ್ರೊವೇಷಿಯನ್ ಎಂಬ ವಿಶೇಷಣವನ್ನು ಅವರೇ ಒಪ್ಪುತ್ತಿರಲಿಲ್ಲ. ಹಾಗೆಂದು ಬರೆಯುವ ಭಾಷೆಯನ್ನು ಮಾತ್ರ ಬಿಡಲಿಲ್ಲ. 2016ರಲ್ಲಿ ಅಮೆರಿಕದ ನ್ಯೂಸ್ಟಾಟ್ ಪ್ರಶಸ್ತಿ ಸಂದದ್ದು ಆ ಭಾಷೆಯ ಬರಹಕ್ಕೇ. 2023ರ ಮಾರ್ಚ್ 17ರಂದು, 73ರ ವಯಸ್ಸಿನಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅವರು ನಿಧನರಾದರು.